ಪುಸ್ತಕದ ದಲಾಲಿ

ಬೇಲಿಯಾಚೆಯ ಕಾಕಾಗೆ ಯಾವ ಧಂದೆಯ ಸುದ್ದಿ ಹೇಳಿದರೂ ಮೊದಲು ಬೇಕಾಗುವುದು ಒಂದೇ ಲೆಕ್ಕ. ದಲಾಲಿ ಎಷ್ಟು? ಐಗಳಿ, ತೆಲಸಂಗ ಸೀಮೆಯಲ್ಲಿ ದ್ರಾಕ್ಷಿ ಬೆಳೆದು, ಮಣೂಕ ಮಾಡಿ, ತಾಸಗಾಂವ ಸೌದಾಕ್ಕೆ ಬಾಕ್ಸ್ ಕಳಿಸುವವರೆಲ್ಲ ಹೀಗೇ. ಬೆಂಗಳೂರಿನ ವಿತರಕರೊಬ್ಬರಿಂದ ನನಗೆ ಪುಸ್ತಕದ ಗಂಟು ಬಂದದ್ದು ಕಂಡು ಈ ಲೆಕ್ಕ ಶುರುವಾಯಿತು.

"ಮಾಸ್ತರ್ರ, ನೂರು ರೂಪಾಯಿ ಪುಸ್ತಕದಾಗ ಬರದಾವಗ ಎಷ್ಟ, ಮಾರಿದಾವಗ ಎಷ್ಟ?"

ಬರೆದವನಿಗೆ ಸಾಮಾನ್ಯವಾಗಿ ಹತ್ತು ರೂಪಾಯಿ, ಅದೂ ಕೊಡುವವರು ಕೊಟ್ಟರೆ. ವಿತರಕ ಮತ್ತು ಅಂಗಡಿಯವನು ಕೂಡಿ ಮೂವತ್ತೈದು, ನಲವತ್ತು, ಕೆಲವೊಮ್ಮೆ ಐವತ್ತರವರೆಗೂ. ಉಳಿದದ್ದರಲ್ಲಿ ಹಾಳಿ, ಡಿಟಿಪಿ, ಅಚ್ಚು, ಬೈಂಡಿಂಗ್, ಮುಖಪುಟ ಎಲ್ಲ ಕಳೆದು ಏನಾದರೂ ಮಿಕ್ಕಿದರೆ ಪ್ರಕಾಶಕನದು.

"ಅರ್ಧಾ ದಲಾಲಿ!" ಕಾಕಾ ಬೇಲಿಗೆ ಇನ್ನಷ್ಟು ಹತ್ತಿರ ಬಂದರು. "ತಾಸಗಾಂವದಾಗ ಯಾವನರ ಇಷ್ಟ ಮುರಕೊಂಡಿದ್ರ ಅವನ ಅಂಗಡಿ ಮುಂದ ಟ್ರ್ಯಾಕ್ಟರ್ ಅಡ್ಡ ನಿಲ್ಲಸತಿದ್ವಿ."

ವಿತರಕರ ಪರವಾಗಿ ವಕಾಲತ್ತು ಮಾಡುವ ಪಾಳಿ ನನಗೆ ಬಂತು. ನಿಮ್ಮ ಮಾಲು ಸೌದಾದಲ್ಲಿ ಹೋದರೆ ಹೋಯಿತು, ತಿರುಗಿ ಬರುವುದಿಲ್ಲ. ಪುಸ್ತಕ ಹಾಗಲ್ಲ ಕಾಕಾ. ವಿತರಕ ಗೋಡೌನು ಹಿಡಿದಿರಬೇಕು, ಅಂಗಡಿಗಳಿಗೆ ಉದ್ರಿ ಕೊಡಬೇಕು, ಲಾರಿ ಬಾಡಿಗೆ ಕೊಡಬೇಕು. ಆರು ತಿಂಗಳಾದ ಮೇಲೆ ಅಂಗಡಿಯವನು ಬಿಸಿಲಿಗೆ ಬಣ್ಣ ಹೋದ ಪ್ರತಿಗಳನ್ನು ಹಾಗೇ ಕಟ್ಟಿ ವಾಪಸು ಕಳಿಸುತ್ತಾನೆ. ಮಣೂಕವನ್ನಾದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಏರಿದಾಗ ತೆಗೆಯಬಹುದು. ಕವನ ಸಂಕಲನವನ್ನು ಎಷ್ಟು ವರ್ಷ ಇಟ್ಟರೂ ದರ ಏರಿದ್ದನ್ನು ನಾನಂತೂ ಕಂಡಿಲ್ಲ.

"ಹಂಗಾದರ ಇದು ಲುಕ್ಸಾನದ ಧಂದೇನ ಬಿಡ್ರಿ," ಎಂದು ಕಾಕಾ ತೀರ್ಪು ಕೊಟ್ಟರು.

ಲುಕ್ಸಾನು ಹೌದೋ ಅಲ್ಲವೋ, ಹೊರುವ ಧಂದೆಯಂತೂ ಹೌದು. ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕುವವರಿಗೆ ಬರವಿಲ್ಲ. ಬರ ಇರುವುದು ಅದನ್ನು ಐಗಳಿಯಂಥ ಊರಿನವರೆಗೆ ಹೊತ್ತು ತರುವವರದ್ದು. ಹಿಂದೆ ಹಾಗೆ ಹೊತ್ತವರು ಗಳಗನಾಥರು, ಶಾಲೆ ಮಾಸ್ತರಿಕೆ ಮಾಡಿದವರು. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಮರಾಠಿಯಿಂದ ತಂದರು, ತಾವೂ ಬರೆದರು, ಬರೆದದ್ದನ್ನು ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರಿದರು. ಲೇಖಕ, ಪ್ರಕಾಶಕ, ವಿತರಕ, ಹಮಾಲ ಎಲ್ಲ ಒಬ್ಬರೇ. ದಲಾಲಿ ಉಳಿಯಿತು, ಕಾಲು ಸವೆದವು.

ನಮ್ಮ ರಸ್ತೆ ಹಿಡಿದು ಮೂಡಣಕ್ಕೆ ಹೋದರೆ ಸಿಗುವ ವಿಜಯಪುರದ ಫ.ಗು. ಹಳಕಟ್ಟಿಯವರದ್ದಂತೂ ಇನ್ನೊಂದು ಕತೆ. ಒಳ್ಳೆಯ ವಕೀಲರು. ಓಲೆಗರಿ ಹುಡುಕಿ ವಚನ ಕೂಡಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಬೇರೆಯವರ ಮುದ್ರಣಾಲಯ ನೆಚ್ಚಿಕೊಂಡರೆ ಕೆಲಸ ಸಾಗದು ಅನ್ನಿಸಿದಾಗ ಇದ್ದ ಮನೆ ಮಾರಿ ವಿಜಯಪುರದಲ್ಲೇ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಇದನ್ನು ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲಾ ಅಡಾ ಇಟ್ಟ ಬೋರ ಹೊಡಿಸಿದವರನ್ನ ಕಂಡೀನಿ. ಮನೀ ಮಾರಿ ಮಷಿನ್ ತಂದವರನ್ನ ಕಂಡಿಲ್ಲ," ಅಂದರು.

ಲೆಕ್ಕದ ಬುದ್ಧಿಯಿಂದ ನೋಡಿದರೆ ಎಲ್ಲರಿಗಿಂತ ಜಾಣರು ಧಾರವಾಡದ ಜಿ.ಬಿ. ಜೋಶಿಯವರು. 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟುವಾಗ ಅಂಗಡಿಯ ದಾರಿಯನ್ನು ನೆಚ್ಚಲಿಲ್ಲ, ಚಂದಾದಾರರನ್ನು ಹಿಡಿದರು. ಓದುಗ ವರ್ಷದ ದುಡ್ಡು ಮೊದಲೇ ಕೊಡುತ್ತಾನೆ, ಪುಸ್ತಕ ಟಪಾಲಿನಲ್ಲಿ ಮನೆಗೆ ಬರುತ್ತದೆ. ಬೇಂದ್ರೆ, ಶ್ರೀರಂಗ, ಗಿರೀಶ ಕಾರ್ನಾಡರು ಏರಿ ಇಳಿದ ಗ್ರಂಥಮಾಲೆಯ ಅಟ್ಟದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆ ಚಂದಾ ಪುಸ್ತಕದ ಬಗ್ಗೆ ಬರೆಯುವವರು ಕಡಿಮೆ. ನನ್ನ ಕೇಳಿದರೆ ಅಟ್ಟ ನಿಂತದ್ದೇ ಆ ಚಂದಾದ ಮೇಲೆ.

ಇಷ್ಟಾದರೂ ನಮ್ಮ ಊರಿನ ಮನೆಮನೆಗೆ ನಿಜಕ್ಕೂ ಮುಟ್ಟಿದವರು ಇವರು ಯಾರೂ ಅಲ್ಲ. ಕಾಕಾನ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿರುವುದು ಗದಗಿನ ಶಾಬಾದಿಮಠರ ಕ್ಯಾಲೆಂಡರು. ಹಾಲಿನ ಲೆಕ್ಕ, ಆಳಿನ ಪಗಾರ, ಬಳ್ಳಿಗೆ ಔಷಧ ಹೊಡೆದ ದಿನ ಎಲ್ಲ ಅದರ ಮೇಲೇ. ಕೊಕಟನೂರ ಯಲ್ಲಮ್ಮನ ಜಾತ್ರೆಗೆ ಹೋದರೆ ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿಗಳ ನಡುವೆ ನೆಲದ ಮೇಲೆ ತಾಡಪತ್ರಿ ಹಾಸಿಕೊಂಡು ಕುಳಿತವನ ಮುಂದೆ ಭಜನೆ ಪದದ ಪುಸ್ತಕ, ಪುರಾಣ, ನಾಟಕದ ಪುಸ್ತಕ, ಪಂಚಾಂಗ. ಅಲ್ಲಿ ಉದ್ರಿ ಇಲ್ಲ, ವಾಪಸು ಇಲ್ಲ, ಬಿಡುಗಡೆ ಸಮಾರಂಭವೂ ಇಲ್ಲ. ನಮ್ಮ ವಿಮರ್ಶಕರ ಪಟ್ಟಿಯಲ್ಲಿ ಬಾರದ ಈ ಪುಸ್ತಕಗಳು ಮಾರಾಟವಾಗುವಷ್ಟು, ಪಟ್ಟಿಯಲ್ಲಿ ಬಂದವು ಆಗುವುದಿಲ್ಲ. ಈಚೆಗೆ ಅವುಗಳ ಪಕ್ಕಕ್ಕೆ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಯ ಗೈಡುಗಳು ಬಂದಿವೆ. ಅವನ್ನು ತರಲು ನಮ್ಮ ಹುಡುಗರು ಧಾರವಾಡದವರೆಗೂ ಹೋಗುತ್ತಾರೆ. ಕಾಸರಗೋಡಿನಿಂದ ಬೀದರಿನವರೆಗೆ ಹೀಗೇ ಇರಬಹುದು, ನಾನು ಹೇಳುವುದು ನಮ್ಮ ಸೀಮೆಯದ್ದು.

ಅಷ್ಟರಲ್ಲಿ ಕಾಕಾ ಒಳಗೆ ಹೋಗಿ ಮನೆಪಟ್ಟಿ ತುಂಬಿದ ರಸೀದಿ ತಂದರು. ತೆರಿಗೆ, ಅದರ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ.

"ಭಿಕ್ಷುಕರ ಕರಾ ನನಗ ತಿಳೀತೈತಿ. ಈ ಗ್ರಂಥಾಲಯದ್ದು ಏನ್ರಿ? ನಾ ಯಾವಾಗ ಪುಸ್ತಕ ತಗೊಂಡೇನಿ?"

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕತೆ ಹೇಳಬೇಕಾಯಿತು. ಮನೆಪಟ್ಟಿಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿ ಗ್ರಂಥಾಲಯಕ್ಕೆ. ರಾಜ್ಯದ ಗ್ರಂಥಾಲಯ ಇಲಾಖೆ ಆಯ್ಕೆ ಮಾಡಿದ ಪ್ರತಿ ಪುಸ್ತಕದ ಮುನ್ನೂರು ಪ್ರತಿಗಳನ್ನು ಸಗಟು ಖರೀದಿಯಲ್ಲಿ ಕೊಳ್ಳುವ ಪದ್ಧತಿ ನಡೆದುಬಂದಿದೆ. ಕನ್ನಡದಲ್ಲಿ ಬಹಳ ಪುಸ್ತಕಗಳ ಮೊದಲ ಮುದ್ರಣವೇ ಐನೂರು, ಸಾವಿರ ಪ್ರತಿ. ಅದರಲ್ಲಿ ಮುನ್ನೂರು ಒಂದೇ ಗಿರಾಕಿಗೆ ಹೋದರೆ ಪ್ರಕಾಶಕ ಬದುಕಿದ. ಖರೀದಿ ತಡವಾದರೆ, ಬಿಲ್ಲು ತಡವಾದರೆ ಸತ್ತ. ತಡವಾಗುವುದೇ ಹೆಚ್ಚು. ಅದಕ್ಕೇ ಪ್ರಕಾಶಕರು ಮಂತ್ರಿಗಳಿಗೆ ಮನವಿ ಕೊಡುತ್ತಲೇ ಇರುತ್ತಾರೆ.

ನನ್ನ ತಕರಾರು ಬೇರೆ. ಈ ಸಗಟು ಖರೀದಿಯಿಂದ ಎಷ್ಟೋ ಒಳ್ಳೆಯ ಪುಸ್ತಕ ಬೆಳಕು ಕಂಡವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಓದುಗನನ್ನು ಹುಡುಕಿಕೊಂಡು ಹೋಗಬೇಕಾದ ಜರೂರೇ ಇಲ್ಲದ ಪ್ರಕಾಶಕರನ್ನೂ ಅದೇ ಹುಟ್ಟಿಸಿತು. ಒಬ್ಬ ಗಿರಾಕಿ ಸಾಕು, ಅವನು ಬೆಂಗಳೂರಿನಲ್ಲಿದ್ದಾನೆ ಅಂದಮೇಲೆ ಅಥಣಿ ತಾಲೂಕಿನ ಬಸ್ಸು ಯಾರು ಹತ್ತುತ್ತಾರೆ?

ಊರಿನ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಕೊರೋನಾ ಕಾಲದಲ್ಲಿ 'ಓದುವ ಬೆಳಕು' ಅಂತ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡಿಕೊಂಡದ್ದು ಒಳ್ಳೆಯ ಕೆಲಸ. ಕಾಕಾನಿಗೆ ಹೇಳಿದೆ, ಮೊಮ್ಮಕ್ಕಳನ್ನು ಕಳಿಸಿರಿ, ನೀವು ಕಟ್ಟಿದ ಕರ ಅಲ್ಲಿಯಾದರೂ ವಸೂಲಾಗಲಿ. "ಹಂಗಾದರ ನಾನೂ ಹೋಗತೀನಿ, ಕರಾ ಕಟ್ಟಿದಾವ ನಾನು," ಅಂದರು. ನ್ಯಾಯವಾದ ಮಾತು.

ತೆರಿಗೆಯ ಮಾತು ಬಂದರೆ ಕಾಕಾ ನನಗಿಂತ ಹುಷಾರು. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ, ರೈತ ತಾನೇ ಮಾರುವ ಮಣೂಕಕ್ಕೆ ತೆರಿಗೆ ಇಲ್ಲ ಎಂದು ಸ್ಪಷ್ಟ ಮಾಡಿದ್ದು ಅವರ ಬಾಯಲ್ಲೇ ಇದೆ. ಪುಸ್ತಕಕ್ಕೂ ಇಲ್ಲ ಅಂದೆ. ಖುಷಿಪಟ್ಟರು. ಆದರೆ ಹಾಳಿಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ನೋಟ್‌ಬುಕ್ಕಿನ ತೆರಿಗೆ ಹೋಯಿತು, ಪುಸ್ತಕ ಅಚ್ಚು ಹಾಕುವ ಹಾಳಿಯ ತೆರಿಗೆ 12ರಿಂದ 18ಕ್ಕೆ ಏರಿತು. ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದ ಹಾಳಿಗೆ ಕಟ್ಟಿದ್ದನ್ನು ಪ್ರಕಾಶಕ ವಜಾ ಹಿಡಿಯಲಿಕ್ಕೂ ಬರುವುದಿಲ್ಲ.

"ಬರಿಯೂ ಹಾಳಿಗಿ ಬಿಟ್ಟಾರ, ಓದೂ ಹಾಳಿಗಿ ಹಾಕ್ಯಾರ?"

ಇದಕ್ಕಿಂತ ಚಲೋ ಟಿಪ್ಪಣಿ ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಈ ನಡುವೆ ಕಾಕಾನ ಮೊಮ್ಮಗಳ ಸುದ್ದಿ ಬಂತು. ಪುಣೆಯಲ್ಲಿ ಕಲಿಯುತ್ತಾಳೆ. ಅಲ್ಲಿನ ಅಂಗಡಿಯಲ್ಲಿ ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ಸಾಲಾಗಿ ಇಟ್ಟದ್ದನ್ನು ಕಂಡು ಅಜ್ಜನಿಗೆ ಫೋಟೋ ಕಳಿಸಿದ್ದಳು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಹನ್ನೆರಡು ಕತೆಗಳಿಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಕಾಕಾಗೂ ಗೊತ್ತು, ಟಿವಿಯಲ್ಲಿ ಕಂಡಿದ್ದಾರೆ. "ಹಾಸನದ ಬಾಯಾರು ಬರದದ್ದು ಪುಣೇದಾಗ ಐತಿ, ನಮ್ಮ ಅಥಣಿ ಸ್ಟ್ಯಾಂಡಿನ್ಯಾಗ ಯಾಕ ಇಲ್ರಿ?" ಅಂತ ಕೇಳಿದರು. ಇಂಗ್ಲಿಷ್ ಪುಸ್ತಕದ ಹಿಂದೆ ಇಡೀ ದೇಶದ ಅಂಗಡಿಗಳಿಗೆ ಮಾಲು ಮುಟ್ಟಿಸುವ ದೊಡ್ಡ ಜಾಲ ಇದೆ. ಕನ್ನಡದ ಮೂಲ ಕತೆಗಳನ್ನು ನಿಮ್ಮಂಥ, ನನ್ನಂಥವರೇ ಫೋನು ಮಾಡಿ ತರಿಸಿಕೊಳ್ಳಬೇಕು.

ಗಡಿಯ ನಮಗೆ ಇನ್ನೊಂದು ವಿಚಿತ್ರ. ಗಡಿಯಾಚೆಯ ಮಗ್ಗುಲಿನ ಜತ್ತ ತಾಲೂಕಿನ ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡ ಪಠ್ಯಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. ಜತ್ತದ ಕಡೆ ಕೊಟ್ಟ ಮಗಳ ಮನೆಗೆ ಹೋದಾಗ ಕಾಕಾ ಅದನ್ನು ತಿರುವಿ ನೋಡಿ ಬಂದವರು. ಅವರು ಭೈರಪ್ಪನವರ 'ಪರ್ವ' ಓದಿದ್ದೂ ಮರಾಠಿಯಲ್ಲಿ! ಯಾವುದೋ ವರ್ಷ ಮಣೂಕದ ಪಟ್ಟಿ ತರಲು ಹೋದಾಗ ಸಾಂಗಲಿಯಲ್ಲಿ ಸಿಕ್ಕಿತಂತೆ, ಕೊಂಡರಂತೆ. ಅದನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, ಛಾಪಿಸಿದ ಮೆಹ್ತಾ ಪಬ್ಲಿಷಿಂಗ್ ಹೌಸ್ ಹುಟ್ಟಿದ್ದು ಕೊಲ್ಲಾಪುರದಲ್ಲಿ. ಕನ್ನಡಿಗನೊಬ್ಬ ಕನ್ನಡದ ಕಾದಂಬರಿಯನ್ನು ಮರಾಠಿಯಲ್ಲಿ ಓದಿದ ಎಂದು ಭಾಷಣ ಹೊಡೆಯುವವರು ಹೊಡೆಯಲಿ. ನಾನಂತೂ ಮರಾಠಿ ಪುಸ್ತಕ ವ್ಯಾಪಾರಿಗಳಿಗೆ ಶಹಬ್ಬಾಸ್ ಅನ್ನುತ್ತೇನೆ. ಓದುವವನ ಕೈಗೆ ಪುಸ್ತಕ ಮುಟ್ಟಿಸಿದವರು ಅವರು.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಕಾಕಾ, "ಇನ್ನೊಮ್ಮೆ ಕನ್ನಡದಾಗ ಓದಬೇಕು, ತರಸ್ರಿ," ಅಂದಿದ್ದರು. ಮೊಬೈಲಿಗೆ ಯಾರೋ ಪಿಡಿಎಫ್ ಕಳಿಸಿದ್ದರಂತೆ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದಿ ಕಣ್ಣು ನೋವು ಮಾಡಿಕೊಂಡು ಬಿಟ್ಟರು. ಬರೆದವರ ಹೊಟ್ಟೆ ಮೇಲೆ ಹೊಡೆಯುವ ಕೆಲಸ ಅದು ಅಂತ ನಾನೂ ಎರಡು ಮಾತು ಅಂದೆ.

ತರಿಸುವುದು ಹೇಗೆ? ಕೊರಿಯರ್‌ನವರು ಅಥಣಿವರೆಗೆ ತಂದು ಫೋನ್ ಮಾಡುತ್ತಾರೆ. ಹೋಗಿ ಬರುವ ಪೆಟ್ರೋಲಿನಲ್ಲಿ ಇನ್ನೊಂದು ಪುಸ್ತಕ ಬರುತ್ತದೆ. ಮನೆ ಬಾಗಿಲಿಗೆ ಬರುವವರು ಅಂಚೆಯವರೊಬ್ಬರೇ. ಅದಕ್ಕೇ 2024ರ ಡಿಸೆಂಬರ್ 18ರಂದು ಪುಸ್ತಕಗಳ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಸಣ್ಣ ಪ್ರಕಾಶಕರೆಲ್ಲ ತಲೆ ಮೇಲೆ ಕೈ ಹೊತ್ತರು. ಐದು ಕಿಲೋ ಪುಸ್ತಕ ಸುಮಾರು ಎಂಬತ್ತು ರೂಪಾಯಿಗೆ ದೇಶದ ಯಾವ ಮೂಲೆಗೂ ಹೋಗುತ್ತಿದ್ದ ಸೌಲಭ್ಯ ಅದು. ಕೂಗೆದ್ದ ಮೇಲೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು. 300 ಗ್ರಾಂವರೆಗೆ 20 ರೂಪಾಯಿ, ಒಂದು ಕಿಲೋಗೆ 35, ಎರಡು ಕಿಲೋಗೆ 50, ಐದು ಕಿಲೋಗೆ 100, ಮೇಲೆ ತೆರಿಗೆ. ಪುಸ್ತಕದ ಮೇಲೆ ಪ್ರಕಾಶಕರ ಇಲ್ಲವೇ ಮುದ್ರಕರ ಹೆಸರಿರಬೇಕು, ನಿಯತಕಾಲಿಕ ನಡೆಯುವುದಿಲ್ಲ. ರಸ್ತೆ, ರೈಲಿನ ದಾರಿಯಲ್ಲೇ ಬರುತ್ತದೆ, ಆದ್ದರಿಂದ ನಿಧಾನ. ಎಲ್ಲಿಗೆ ಬಂತೆಂದು ಮೊಬೈಲಿನಲ್ಲಿ ನೋಡಬಹುದು.

ಒಂದೊಂದೇ ತರಿಸಿದರೆ ನೂರೈವತ್ತರ ಪುಸ್ತಕಕ್ಕೆ ಇಪ್ಪತ್ತು ರೂಪಾಯಿ ಟಪಾಲು ಭಾರ ಅನ್ನಿಸುತ್ತದೆ. ಇನ್ನೂರು ಪುಟದ ಸಾಧಾರಣ ಪುಸ್ತಕ ಕಾಲು ಕಿಲೋ ಆಸುಪಾಸು ತೂಗುತ್ತದೆ. ನಾಲ್ಕಾರು ಮಂದಿ ಕೂಡಿ ಐದು ಕಿಲೋ ತುಂಬಿಸಿದರೆ ಪುಸ್ತಕಕ್ಕೆ ಐದಾರು ರೂಪಾಯಿ ಬಿದ್ದೀತು. ಬಿಡಿ ಪ್ರತಿಗೆ ರಿಯಾಯಿತಿ ಕೊಡದ ವಿತರಕರು ಇಪ್ಪತ್ತು ಪ್ರತಿಗೆ ಕೊಡುತ್ತಾರೆ, ಟಪಾಲಿನ ಖರ್ಚು ಅಲ್ಲೇ ಹುಟ್ಟಿತು. ಈ ಲೆಕ್ಕ ಕಾಕಾಗೆ ಒಂದೇ ಸಲಕ್ಕೆ ತಿಳಿಯಿತು. "ಹಂಗಾದರ ದಲಾಲಿ ನಮಗ ಬಂತು!"

ಮುಂದಿನ ಗಂಟಿಗೆ ಮೂರೂವರೆ ಕಿಲೋ ತುಂಬಿದೆ. 'ಪರ್ವ' ದಪ್ಪ ಪುಸ್ತಕ, ಬಹಳ ಜಾಗ ಹಿಡಿದಿದೆ. ಐಗಳಿಯವರು, ಸುತ್ತಲಿನವರು ಯಾರಾದರೂ ಸೇರುವುದಿದ್ದರೆ ಬೇಗ ಹೇಳಿರಿ, ಒಂದೂವರೆ ಕಿಲೋ ಖಾಲಿ ಇದೆ. ಬೇರೆ ಊರಿನವರು ನಿಮ್ಮ ನಿಮ್ಮಲ್ಲೇ ಕೂಡಿಕೊಳ್ಳಿರಿ. ವಿತರಕರಿಗೆ ಪಟ್ಟಿ ಕಳಿಸುವಾಗ 'ಜ್ಞಾನ ಪೋಸ್ಟ್‌ನಲ್ಲಿ ಕಳಿಸಿ' ಎಂದು ಮೇಲುಗಡೆಯೇ ಬರೆಯಿರಿ, ಇಲ್ಲವಾದರೆ ಅವರು ರೂಢಿಯಂತೆ ಕೊರಿಯರಿಗೆ ಹಾಕುತ್ತಾರೆ.