ಮೊಡವೆ ಮೊಕಕ್ಕೆ ಹೆಸರುಹಿಟ್ಟು

"ಯಾನ ಮಾಡದು ತಂಗಿ, ಕೂಸಿನ ಮೊಕದ ತುಂಬ ಮೊಡವೆ ಕನಾ. ನೀನು ಮಾಡ್ಕತೀಯಲ್ಲ ಆ ಪುಡಿ, ಅದ್ನ ವಸಿ ಕೊಡು" ಎಂದು ಪಕ್ಕದ ಮನೆ ಅಕ್ಕ ಬೇಲಿಯ ಮೇಲಿಂದ ಬಟ್ಟಲು ಚಾಚಿದರು. ಪುಡಿ ಕೊಡುವುದಕ್ಕೆ ನನಗೇನು ಕಷ್ಟ? ಆದರೆ ಮೊಡವೆಯ ಮುಖಕ್ಕೆ ಹಚ್ಚುವುದಕ್ಕಿಂತ ಹಚ್ಚುವುದನ್ನು ನಿಲ್ಲಿಸುವುದು ಮೊದಲ ಕೆಲಸ.

"ಕೊಡ್ತೀನಿ ಕನಕ್ಕ. ಈಗ ಅವಳು ಏನೇನು ಹಾಕ್ಕತಾ ಅವಳೆ, ಅದ್ನ ಮೊದ್ಲು ಹೇಳಿ" ಎಂದೆ.

ಪಟ್ಟಿ ಉದ್ದವಿತ್ತು. ಬೆಳಿಗ್ಗೆ ಮೈಸೋಪು, ಕಾಲೇಜಿನಿಂದ ಬಂದ ಕೂಡಲೇ ಮತ್ತೆ ಸೋಪು, ಮಲಗುವಾಗ ಇನ್ನೊಮ್ಮೆ. ಗೆಳತಿಯೊಬ್ಬಳ ಮಾತು ಕೇಳಿ ನಿಂಬೆಹಣ್ಣಿನ ಹೋಳು. ಇನ್ನೊಬ್ಬಳ ಮಾತು ಕೇಳಿ ಅಡುಗೆ ಸೋಡ. ಕೆಂಪಗೆ ಎದ್ದ ಗುಳ್ಳೆಯ ಮೇಲೆ ರಾತ್ರಿ ಟೂತ್‌ಪೇಸ್ಟು. ಇಷ್ಟಾದ ಮೇಲೂ ಮುಖ ಬೆಂದಂತೆ ಆಗದೆ ಇನ್ನೇನಾಗುತ್ತದೆ! ನಮ್ಮ ಚರ್ಮ ತಾನಾಗಿ ಒಂದಿಷ್ಟು ಹುಳಿಯ ಕಡೆಗೇ ಇರುತ್ತದೆ. ಅಳೆಯುವವರ ಲೆಕ್ಕದಲ್ಲಿ ಅದರ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10, ಅಂದರೆ ಕ್ಷಾರ. ಅಡುಗೆ ಸೋಡ ಕೂಡ ಕ್ಷಾರವೇ. ನಿಂಬೆರಸ ಇದಕ್ಕೆ ತದ್ವಿರುದ್ಧ, ಅದರದು 2ರ ಹತ್ತಿರ. ಒಂದೇ ದಿನದಲ್ಲಿ ಕೆನ್ನೆಯನ್ನು ಆ ಕೊನೆಯಿಂದ ಈ ಕೊನೆಗೆ ಎಳೆದಾಡಿದರೆ ಹೊರಪದರ ಹರಿದು ಉರಿಯುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಸುಟ್ಟ ಹಾಗೆ ಬೊಬ್ಬೆ ಬಂದು ಕಪ್ಪು ಕಲೆ ಕೂರುತ್ತದೆ. ಆ ಕಲೆ ಬೇಗ ಹೋಗುವುದಿಲ್ಲ.

ಅಕ್ಕನಿಗೆ ಇನ್ನೊಂದು ನಂಬಿಕೆ: ಮುಖ ಕೊಳೆಯಾಗಿರುವುದರಿಂದ ಮೊಡವೆ. ಇದನ್ನು ನಾನು ಒಪ್ಪುವುದಿಲ್ಲ, ಹುಡುಗಿಯ ಎದುರಿಗೆ ಹೇಳಲೂ ಬಿಡುವುದಿಲ್ಲ. ಹರೆಯ ಬಂದಾಗ ಮೈಯ ಹಾರ್ಮೋನು ಏರಿ ಚರ್ಮದೊಳಗಿನ ಎಣ್ಣೆಗ್ರಂಥಿಗಳು ಜಾಸ್ತಿ ಜಿಡ್ಡು ಸುರಿಸುತ್ತವೆ. ರೋಮದ ಬುಡದಲ್ಲಿ ಸತ್ತ ಚರ್ಮ ಸೇರಿ ಬಾಯಿ ಕಟ್ಟುತ್ತದೆ. ಎಲ್ಲರ ಚರ್ಮದಲ್ಲೂ ಮೊದಲಿನಿಂದ ಇರುವ ಒಂದು ಬ್ಯಾಕ್ಟೀರಿಯ ಆ ಮುಚ್ಚಿದ ಜಾಗದಲ್ಲಿ ಹೆಚ್ಚುತ್ತದೆ, ಆಗ ಕೆಂಪಾಗಿ ಊದುತ್ತದೆ. ಇದು ಒಳಗಿನಿಂದ ಬರುವುದು. ಹರೆಯದ ಹತ್ತು ಮಕ್ಕಳಲ್ಲಿ ಎಂಟು ಮಂದಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಬಂದೇ ಬರುತ್ತದೆ. ತಿಕ್ಕಿ ತಿಕ್ಕಿ ತೊಳೆದರೆ ಹೋಗುವುದಿಲ್ಲ, ತಿಕ್ಕಿದಷ್ಟೂ ಊತ ಹೆಚ್ಚು. ಹಾಗಾದರೆ ಮುಖ ತೊಳೆಯುವ ಪುಡಿಗೆ ಏನು ಕೆಲಸ? ಮೇಲಿನ ಜಿಡ್ಡು, ಬೆವರು, ಧೂಳು ತೆಗೆದು, ಚರ್ಮವನ್ನು ಕೆರಳಿಸದೆ ಬಿಡುವುದು. ಅಷ್ಟೇ. ಆ ಅಷ್ಟನ್ನು ಚೆನ್ನಾಗಿ ಮಾಡುವ ಸಾಮಾನು ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಬೆಟ್ಟದಲ್ಲೇ ಇದೆ ಎನ್ನುವುದು ನನ್ನ ವಾದ.

ಚಿಗರೆ ಪುಡಿಯನ್ನೇ ತೆಗೆದುಕೊಳ್ಳಿ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಅಜ್ಜಿಯರು ಉಜ್ಜುತ್ತಿದ್ದ ಹಸಿರು ಪುಡಿ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಅಂಗಡಿಯಲ್ಲಿ ಕೇಳಿದರೆ ಅರಪ್ಪು ಎಂದು ಅದನ್ನೇ ಕಟ್ಟಿ ಕೊಡುತ್ತಾರೆ. ನಮ್ಮ ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುವ ಮರದ ಸೊಪ್ಪು ಅದು. ನೆರಳಲ್ಲಿ ಒಣಗಿಸಿ ಪುಡಿ ಮಾಡಿದರೆ ಆಯಿತು. ಸೀಗೆಕಾಯಿ ಇದೆ, ಅಂಟುವಾಳವಿದೆ. ಮೂರರಲ್ಲೂ ನೊರೆ ಬರಿಸುವ ಸ್ಯಾಪೊನಿನ್ ಎಂಬ ವಸ್ತು ಇದೆ. ಅದು ಜಿಡ್ಡನ್ನು ನೀರಿಗೆ ಬಿಡಿಸುತ್ತದೆ. ಇದರ ಇನ್ನೊಂದು ಗುಣ ನಮ್ಮ ಊರುಗಳಿಗೆ ಬಹಳ ಮುಖ್ಯ. ಬೋರು ಆಳಕ್ಕೆ ಹೋದಷ್ಟೂ ಬರುವುದು ಗಡಸು ನೀರು. ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆಯಾಗದೆ ಬಿಳಿ ಪೊರೆಯಾಗಿ ಒಡೆಯುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಆ ಪೊರೆಯೇ ಮುಖಕ್ಕೂ ಅಂಟುತ್ತದೆ. ಸ್ಯಾಪೊನಿನ್ನಿಗೆ ಆ ತೊಂದರೆ ಇಲ್ಲ. ಮುಖಕ್ಕೆ ನಾನು ಚಿಗರೆಯನ್ನೇ ಹೇಳುತ್ತೇನೆ. ಸೀಗೆ ಕಣ್ಣಿಗೆ ಉರಿ, ಅಂಟುವಾಳ ಅದಕ್ಕಿಂತ ಖಾರ. ಅವೆರಡೂ ತಲೆಗೆ ಇರಲಿ.

ಕಾಡಿನ ಮಾತು ಬಂದಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. 2013ರಲ್ಲಿ ಸತ್ಯಮಂಗಲ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಹಾಗೆಂದು ಸೀಗೆ, ಜೇನು, ನೆಲ್ಲಿ ಆಯ್ದು ತರುವ ಸೋಲಿಗರ, ಊರಾಳಿಗಳ ಹಕ್ಕು ಇಲ್ಲದೆ ಹೋಗುವುದಿಲ್ಲ; 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಹಕ್ಕನ್ನು ಅವರಿಗೇ ಕೊಟ್ಟಿದೆ. ಸಂತೆಯಲ್ಲಿ ಸೋಲಿಗರ ಹೆಂಗಸು ಸೀಗೆಕಾಯಿ ಹರಡಿಕೊಂಡು ಕೂತಿದ್ದರೆ ಚೌಕಾಸಿ ಮಾಡಬೇಡಿ. ಅದೇ ಕಾಯಿ ಬಣ್ಣದ ಡಬ್ಬಿಯೊಳಗೆ ಹೋಗಿ ಬೆಂಗಳೂರಿನಲ್ಲಿ ಎಷ್ಟಕ್ಕೆ ಮಾರುತ್ತದೆ ಎಂಬುದನ್ನು ನೋಡಿದವರು ಯಾರೂ ಆಕೆಯ ಹತ್ತಿರ ಐದು ರೂಪಾಯಿ ಕಡಿಮೆ ಕೇಳಲಾರರು.

ಇನ್ನು ಅರಿಶಿನ. ಈರೋಡಿನ ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಹೊಲಗಳಲ್ಲೂ ಬೆಳೆಯುತ್ತಾರೆ. ಮನೆಯಲ್ಲಿ ಬೇಯಿಸಿ, ಒಣಗಿಸಿ, ಕುಟ್ಟಿಸಿದ ಕೊಂಬಿನ ಪುಡಿ ಇದ್ದರೆ ಅದೇ ಒಳ್ಳೆಯದು. ಕಣ್ಣು ಕುಕ್ಕುವ ಹಳದಿ ಬಣ್ಣದ ಬಿಡಿ ಪುಡಿಯನ್ನು ನಾನು ಮುಖಕ್ಕೂ ಸಾರಿಗೂ ಹಾಕುವುದಿಲ್ಲ; ಹೊಳಪಿಗಾಗಿ ಸೀಸ ಸೇರಿದ ಬಣ್ಣ ಬೆರೆಸುವ ಕೆಟ್ಟ ಅಭ್ಯಾಸ ಅರಿಶಿನದ ವ್ಯಾಪಾರದಲ್ಲಿ ಸಿಕ್ಕಿಬಿದ್ದಿದೆ. "ಕಸ್ತೂರಿ ಅರಿಶಿನ ಹಾಕು ಅಂತಾರಲ್ಲ?" ಎಂದರು ಅಕ್ಕ. ಹಾಕಬಹುದು, ಅದು ಚರ್ಮಕ್ಕೆ ಹಳದಿ ಕಲೆ ಹಿಡಿಸುವುದಿಲ್ಲ. ಆದರೆ ನಿಜವಾದ ಕಸ್ತೂರಿ ಅರಿಶಿನದ ಗೆಡ್ಡೆ ಮುರಿದರೆ ಒಳಗೆ ತೆಳು ಕೆನೆ ಬಣ್ಣ, ಕರ್ಪೂರದ ಹಾಗೆ ಘಮ. ಆ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ಗಾಢ ಹಳದಿಯದ್ದು ಬಹಳ ಸಲ ಬೇರೆ ಜಾತಿಯ ಗೆಡ್ಡೆ. ಗುರುತು ಸಿಗದಿದ್ದರೆ ಮನೆಯ ಅರಿಶಿನವೇ ಸಾಕು, ಅದೂ ಚಿಟಿಕೆಯ ಲೆಕ್ಕದಲ್ಲಿ.

ಪುಡಿ ಮಾಡುವ ರೀತಿ ಹೇಳಿಬಿಡುತ್ತೇನೆ. ಹೆಸರುಕಾಳು ಒಂದು ಪಾವು. ಕಲ್ಲು ಆರಿಸಿ, ತೊಳೆಯದೆ ಬಟ್ಟೆಯಲ್ಲಿ ಒರೆಸಿ, ಎರಡು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ. ಹುರಿಯಬೇಡಿ. ಮಿಕ್ಸಿಗೆ ಹಾಕಿ ಆದಷ್ಟು ನುಣ್ಣಗೆ ಮಾಡಿ, ಹಳೆಯ ತೆಳು ಪಂಚೆಯಲ್ಲಿ ವಸ್ತ್ರಗಾಳಿತ ಮಾಡಿ. ಜರಡಿ ಸಾಲದು. ಇಲ್ಲಿ ಬಹಳ ಜನ ಸೋಮಾರಿತನ ಮಾಡುತ್ತಾರೆ, ತರಿ ಇದ್ದರೆ ಚೆನ್ನಾಗಿ ಉಜ್ಜುತ್ತದೆ ಎಂದುಕೊಳ್ಳುತ್ತಾರೆ. ಮೊಡವೆಯ ಮುಖಕ್ಕೆ ತರಿ ಶತ್ರು. ಕಾಣದಷ್ಟು ಸಣ್ಣ ಗೀರು ಬಿದ್ದು ಇದ್ದ ಗುಳ್ಳೆ ಒಡೆಯುತ್ತದೆ. ಗಾಳಿಸಿದ ಹಿಟ್ಟಿಗೆ ಎರಡು ಚಮಚ ಚಿಗರೆ ಪುಡಿ, ಒಂದು ಚಮಚ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪಿನ ಪುಡಿ, ಕಾಲು ಚಮಚ ಅರಿಶಿನ. ಇವನ್ನೂ ಬಟ್ಟೆಯಲ್ಲೇ ಗಾಳಿಸಿ. ಒಣಗಿದ ಗಾಜಿನ ಬಾಟಲಿಗೆ ತುಂಬಿಡಿ, ಹಾರ್ಲಿಕ್ಸಿನ ಹಳೆಯ ಬಾಟಲಿ ಆದೀತು. ಒದ್ದೆ ಚಮಚ ಅದರೊಳಗೆ ಹೋಗಕೂಡದು. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ.

ಬಳಸುವಾಗ ಅಂಗೈಯಲ್ಲಿ ಒಂದು ಚಮಚ ಪುಡಿಗೆ ನೀರು ಹಾಕಿ ಹರಿಯುವ ಹಾಗೆ ತೆಳ್ಳಗೆ ಕಲಸಿ. ಮೊದಲು ಮುಖ ಒದ್ದೆ ಮಾಡಿಕೊಂಡು, ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ, ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಹೋಗುವವರೆಗೆ ತೊಳೆಯಿರಿ. ಒಣಗಿ ಬಿರಿಯುವ ತನಕ ಬಿಡಬೇಡಿ. ತನ್ನದೇ ಟವೆಲ್ಲಿನಲ್ಲಿ ಒತ್ತಿ ಒರೆಸಲಿ, ಉಜ್ಜದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹೊಲದಲ್ಲಿ ಚೆಂಡುಹೂ ಬಿಡಿಸಿ ಬೆವರಿ ಬಂದ ದಿನ ಇನ್ನೊಂದು ಸಲ, ಅದಕ್ಕಿಂತ ಹೆಚ್ಚು ಬೇಡ. ತೊಳೆದ ಮೇಲೆ ಮುಖ ಬಿಗಿಯಾಗಿ ಎಳೆದಂತಾದರೆ ಚಿಗರೆ ಕಡಿಮೆ ಮಾಡಿ, ನೀರಿನ ಬದಲು ಹಾಲಿನಲ್ಲಿ ಕಲಸಿ. ಕಲಸಿ ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆಗೆ ತೆಗೆಯಬೇಡಿ. ನೀರು ಸೋಕಿದ ಹಿಟ್ಟಿನಲ್ಲಿ ರಾತ್ರಿ ಕಳೆಯುವುದರೊಳಗೆ ಏನು ಬೇಕಾದರೂ ಬೆಳೆಯುತ್ತದೆ. ಮೊದಲ ಸಲ ಹಚ್ಚುವ ಮುಂಚೆ ಮೊಣಕೈಯ ಒಳಬದಿಗೆ ಒಂದಿಷ್ಟು ಸವರಿ ಒಂದು ದಿನ ನೋಡಿ. ಕಾಡಿನ ಸೊಪ್ಪು ಎಂದ ಮಾತ್ರಕ್ಕೆ ಎಲ್ಲರ ಮೈಗೂ ಒಗ್ಗಬೇಕೆಂದಿಲ್ಲ, ಬೇವಿಗೂ ಅರಿಶಿನಕ್ಕೂ ತುರಿಕೆ ಏಳುವವರು ಇದ್ದಾರೆ.

"ಜೇನುತುಪ್ಪ?" ಎಂದರು ಅಕ್ಕ. ಹೆಜ್ಜೇನಿನ ಕಾಡಲ್ಲಿ ಇರುವವರು ಕೇಳಲೇಬೇಕಾದ ಪ್ರಶ್ನೆ. ಜೇನು ಗಾಯಕ್ಕೆ ಒಳ್ಳೆಯದು ನಿಜ. ಮೊಡವೆಗೆ ಆಗುತ್ತದೆಯೇ ಎಂದು ನ್ಯೂಜಿಲೆಂಡಿನವರು ತಮ್ಮ ಕಾನುಕಾ ಮರದ ಜೇನನ್ನು ಹಚ್ಚಿ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಬರೀ ಸೋಪಿನಲ್ಲಿ ತೊಳೆದವರಿಗೂ ಸೋಪಿನ ಜೊತೆ ಜೇನು ಹಚ್ಚಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಎತ್ತರದ ಮರ ಹತ್ತಿ ಇಳಿಸಿದ ಜೇನನ್ನು ಮಕ್ಕಳು ರಾಗಿ ರೊಟ್ಟಿಗೆ ಹಚ್ಚಿಕೊಂಡು ತಿನ್ನಲಿ.

ಹಾಗೇ ಮಾತು ಗುಮಟಾಪುರಕ್ಕೆ ಹೋಯಿತು. ದೀಪಾವಳಿ ಕಳೆದ ಮೇಲೆ ಅಲ್ಲಿ ಗೋರೆ ಹಬ್ಬ, ಬೀರೇಶ್ವರನ ಗುಡಿಯ ಹತ್ತಿರ ಗಂಡಸರು ಸಗಣಿಯ ಗುಡ್ಡೆಯಲ್ಲಿ ಇಳಿದು ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ಅದರಿಂದ ಚರ್ಮದ ಕಾಯಿಲೆ ವಾಸಿಯಾಗುತ್ತದೆ ಎಂದು ನಂಬಿದವರು ಉಂಟು. ಹಬ್ಬ ಊರಿನ ಭಕ್ತಿ, ಊರಿನ ಸಂತೋಷ, ನನಗೂ ಪ್ರೀತಿ. ಆದರೆ ಒಡೆದ ಮೊಡವೆ ಎಂದರೆ ತೆರೆದ ಗಾಯ; ಅದಕ್ಕೆ ಸಗಣಿ ಸೋಕಬಾರದು. ಇದನ್ನು ಅಕ್ಕನಿಗೆ ನೇರವಾಗಿಯೇ ಹೇಳಿದೆ, ಅವರೂ ತಲೆಯಾಡಿಸಿದರು.

ಹಣೆಯಲ್ಲೇ ಸಾಲಾಗಿ ಮೊಡವೆ ಎದ್ದಿದ್ದರೆ ಮುಖ ಬಿಟ್ಟು ತಲೆಯ ಕಡೆ ನೋಡಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ತೊಟ್ಟಿಕ್ಕುವ ಹಾಗೆ ಹಚ್ಚಿ ಎರಡು ಜಡೆ ಬಿಗಿದು ಕಳಿಸುತ್ತೇವಲ್ಲ, ಬಿಸಿಲಿಗೆ ಆ ಎಣ್ಣೆ ಹಣೆಗೆ ಇಳಿದು ರೋಮದ ಬಾಯಿ ಮುಚ್ಚುತ್ತದೆ. ತಲೆಗೆ ಎಣ್ಣೆಯನ್ನು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಲಿ, ದಿಂಬಿನ ಬಟ್ಟೆ ವಾರಕ್ಕೊಮ್ಮೆ ಒಗೆಯಲಿ. ಎಷ್ಟೋ ಹುಡುಗಿಯರಿಗೆ ಇಷ್ಟರಿಂದಲೇ ಹಣೆ ತಿಳಿಯಾಗುತ್ತದೆ.

ಈಗ ನನಗೆ ನಿಜವಾಗಿ ಸಂಕಟವಾಗುವ ಸಂಗತಿ. ಹುಡುಗಿಯ ಪೆಟ್ಟಿಗೆಯಲ್ಲಿ ಒಂದು ಟ್ಯೂಬು ಇದೆ ಎಂದು ಅಕ್ಕ ಕೊನೆಗೆ ಹೇಳಿದರು. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ಕೂಡಲೇ ಕೊಟ್ಟರಂತೆ, ಚೀಟಿ ಕೇಳಲಿಲ್ಲವಂತೆ. "ಹಚ್ಚಿದ ವಾರಕ್ಕೇ ಮೊಕ ಬೆಳ್ಳಗಾಯ್ತು ಕನವ್ವ, ಬುಟ್ಟೇಟ್ಗೆ ಮೊದ್ಲಿಗಿಂತ ಜಾಸ್ತಿ ಬಂತು." ಟ್ಯೂಬು ತರಿಸಿ ಓದಿದೆ, ಅನುಮಾನ ಪಟ್ಟಿದ್ದೇ ಆಗಿತ್ತು: ಸ್ಟೀರಾಯ್ಡು. ಈ ಮುಲಾಮುಗಳು ಮೊದಲು ಊತ, ಕೆಂಪು ಅಡಗಿಸಿ ಮುಖ ಬೆಳಗಿಸುತ್ತವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣುತ್ತದೆ, ಬಿಸಿಲು ಬಿದ್ದರೆ ಉರಿ, ಕೆನ್ನೆಯ ಮೇಲೆ ಕೂದಲು, ಬಿಟ್ಟರೆ ಮೊಡವೆಯ ಸುರಿಮಳೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡು ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಮಾರುತ್ತಾರೆ. ನಮ್ಮಲ್ಲಿ ತಾಯಂದಿರಿಗೆ ಓದಲು ಬರುವುದು ಕನ್ನಡ, ಅಂಗಡಿಯ ಫಲಕ ತಮಿಳು, ಟ್ಯೂಬಿನ ಮೇಲೆ ಇರುವೆಯಂಥ ಇಂಗ್ಲಿಷ್ ಅಕ್ಷರ. ಮಕ್ಕಳಿಗೆ ಮೂರೂ ಬರುತ್ತವೆ, ಅವರಿಂದ ಓದಿಸಿ.

ನನ್ನ ಪುಡಿಯ ಮಿತಿಯನ್ನೂ ಹೇಳಲೇಬೇಕು. ಅದು ಮುಖ ತೊಳೆಯುವ ಪುಡಿ, ಮೊಡವೆಯ ಔಷಧಿ ಅಲ್ಲ. ಸಣ್ಣ ಬಿಳಿ ಗುಳ್ಳೆ, ಕಪ್ಪು ಚುಕ್ಕೆ, ಅಲ್ಲೊಂದು ಇಲ್ಲೊಂದು ಕೆಂಪು ಮೊಡವೆ ಇದ್ದವರಿಗೆ ಅದರಿಂದ ನೆಮ್ಮದಿ ಸಿಗುತ್ತದೆ. ಎಂಟು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಗಂಟು ಗಂಟಾಗಿ ನೋವು ಕೊಟ್ಟು ಗುಳಿ ಬೀಳುತ್ತಿದ್ದರೆ, ಇಲ್ಲಿಂದ ಚಾಮರಾಜನಗರ ದೂರವಲ್ಲ. ಬೆಳಗಿನ ಬಸ್ಸಿಗೆ ಹೋಗಿ ಚರ್ಮದ ವೈದ್ಯರಿಗೆ ತೋರಿಸಿ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಎಂಬ ಮುಲಾಮುಗಳು ಮೊಡವೆಗೆಂದೇ ಇವೆ, ಕೆಲಸ ಮಾಡುತ್ತವೆ, ಪುಡಿ ಅವುಗಳ ಜೊತೆಗೂ ನಡೆಯುತ್ತದೆ. ಮುಟ್ಟು ತಪ್ಪುತ್ತಿದ್ದು ಗಲ್ಲದ ಮೇಲೆ ಕೂದಲೂ ಬರುತ್ತಿದ್ದರೆ ಅದನ್ನೂ ವೈದ್ಯರ ಹತ್ತಿರ ನಾಚದೆ ಹೇಳಬೇಕು.

ಅಕ್ಕನ ಬಟ್ಟಲಿಗೆ ಪುಡಿ ತುಂಬಿ ಕೊಟ್ಟೆ. ಓದುವ ತಾಯಂದಿರನ್ನು ಕೇಳಿಕೊಳ್ಳುವುದು ಇಷ್ಟೇ: ಮಕ್ಕಳು ಹಚ್ಚುತ್ತಿರುವ ಟ್ಯೂಬನ್ನು ಇವತ್ತೇ ತೆಗೆದು ನೋಡಿ. ಅದರ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ, ಬಹಳ ದಿನದಿಂದ ಹಚ್ಚುತ್ತಿದ್ದರೆ ತಾವಾಗಿ ಹಠಾತ್ತನೆ ನಿಲ್ಲಿಸದೆ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ.