ಎ ಅಂದರೆ ಪ್ಲಸ್ಸೋ ಮೈನಸ್ಸೋ?

ಯಂತ್ರಗಳನ್ನು ಪರಸ್ಪರ ಮಾತಾಡಿಸುವ ಆರ್‌ಎಸ್-485ಕ್ಕೆ ಮುಖ್ಯವಾಗಿ ಬೇಕಾದ್ದು ಎರಡು ವೈರು. ಒಂದರ ಹೆಸರು ಎ, ಇನ್ನೊಂದರದು ಬಿ. 1983ರಲ್ಲಿ ಬಂದ ಈ ಸ್ಟ್ಯಾಂಡರ್ಡು 1200 ಮೀಟರ್ ದೂರದವರೆಗೂ ಮಾತು ಮುಟ್ಟಿಸಬಲ್ಲದು. ಇಷ್ಟು ಗಟ್ಟಿಮುಟ್ಟಾದ ವ್ಯವಸ್ಥೆಯಲ್ಲಿ ಒಂದು ತಮಾಷೆ ಉಳಿದುಬಿಟ್ಟಿದೆ. ಸ್ಟ್ಯಾಂಡರ್ಡಿನ ಪ್ರಕಾರ ಎ ಅಂದರೆ ಮೈನಸ್. ಚಿಪ್ ಮಾಡುವ ಅನೇಕ ಕಂಪನಿಗಳ ಡೇಟಾಶೀಟಿನ ಪ್ರಕಾರ ಅದೇ ಎ ಪ್ಲಸ್. ಹಾಗಾಗಿ ಎ ಗೆ ಎ, ಬಿ ಗೆ ಬಿ ಸೇರಿಸಿ ಶಾಸ್ತ್ರೋಕ್ತವಾಗಿ ವೈರಿಂಗ್ ಮುಗಿಸಿದವರಿಗೇ ಹೆಚ್ಚು ಕಷ್ಟ.

ಪೀಣ್ಯದ ಒಂದು ಪೌಡರ್ ಕೋಟಿಂಗ್ ಶೆಡ್ಡನ್ನು ಕಲ್ಪಿಸಿಕೊಳ್ಳಿ. ಒವನ್ನನ್ನು ನಿಯಂತ್ರಿಸುವ ಪಿಎಲ್‌ಸಿಗೂ ತಾನು ತಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೂ ಮಾತುಕತೆ ಮಾಡಿಸಲು ಬಂದ ಇಂಜಿನಿಯರ್ ಹುಡುಗಿ, ತಲೆಕೆಳಗಾಗಿಸಿದ ಪೇಂಟ್ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರೋಗ್ರಾಂ ತಿದ್ದುತ್ತಿದ್ದಾಳೆ. ಪಕ್ಕದಲ್ಲಿ ನಿಂತ ಎಲೆಕ್ಟ್ರಿಷಿಯನ್ ಬಾಯಿ ಬಿಡುತ್ತಾನೆ: “ಮೇಡಂ, ವೈರ್ ಒಂದ್ಸಲ ಉಲ್ಟಾ ಮಾಡಿ ನೋಡಣ್ವಾ?” ಪ್ರೋಟೊಕಾಲ್ ಓದಿದವರಿಗೆ ಇಂಥ ಸಲಹೆಯಿಂದ ಕೊಂಚ ಅವಮಾನವಾಗುವುದು ಸಹಜ. ಆದರೆ ಅದು ಸರಿಯಾದ ಸಲಹೆ. ಅದಲುಬದಲು ಮಾಡಿದರೆ ಏನೂ ಸುಡುವುದಿಲ್ಲ, ಅರ್ಧ ನಿಮಿಷದ ಕೆಲಸ. ಅದನ್ನು ಮೊದಲೇ ಮಾಡದೆ ಮಧ್ಯಾಹ್ನದವರೆಗೆ ಪ್ರೋಗ್ರಾಂ ತಿದ್ದುವುದು ಮಾತ್ರ ಓದಿದವರ ಗತ್ತು.

ಈ ಎರಡು ವೈರಿನ ಮೇಲೆ ಓಡುವ ಭಾಷೆ ಮಾಡ್‌ಬಸ್. ಮಾಡಿಕಾನ್ ಕಂಪನಿ 1979ರಲ್ಲಿ ತನ್ನ ಪಿಎಲ್‌ಸಿಗಳಿಗಾಗಿ ಮಾಡಿಕೊಂಡದ್ದು. ಅದರ ಮರ್ಯಾದೆ ಬಹಳ ಹಳೆಯ ಕಾಲದ್ದು: ಪೈ ಕೇಳಬೇಕು, ಪಿಎಲ್‌ಸಿ ಹೇಳಬೇಕು, ಕೇಳದೆ ಇದ್ದರೆ ಪಿಎಲ್‌ಸಿ ತುಟಿ ಪಿಟಕ್ಕೆನ್ನುವುದಿಲ್ಲ. ಪ್ರಶ್ನೆಯ ಕೊನೆಗೆ ಎರಡು ಬೈಟಿನ ತಾಳೆಲೆಕ್ಕ ಇರುತ್ತದೆ. ಅದು ತಪ್ಪಿದ್ದರೂ ಮೌನ. ವಿಳಾಸ ತಪ್ಪಿದ್ದರೂ ಮೌನ. ಒಬ್ಬರು 9600ರ ವೇಗದಲ್ಲಿ, ಇನ್ನೊಬ್ಬರು 19200ರಲ್ಲಿ ಇದ್ದರೂ ಮೌನ. ಪಿಎಲ್‌ಸಿಗೆ ಕರೆಂಟೇ ಇಲ್ಲದಿದ್ದರೂ ಅದೇ ಮೌನ. ಮಾತು ಬಿಟ್ಟ ಬೀಗರ ಹಾಗೆ, ಸಿಟ್ಟು ಯಾತಕ್ಕೆಂದು ನಾವೇ ಊಹಿಸಬೇಕು.

ಪೈ ಕೂಡ ಸಾಧುವೇನಲ್ಲ. ಅದರ ಮೂರನೆಯ ಮಾದರಿ ಬಂದಾಗ, ಇದ್ದದ್ದರಲ್ಲಿ ಒಳ್ಳೆಯ ಸೀರಿಯಲ್ ಪೋರ್ಟನ್ನು ಬ್ಲೂಟೂತಿಗೆ ಕೊಟ್ಟು, ಹೊರಗಿನ ಪಿನ್ನುಗಳಿಗೆ ಮಿನಿ ಯುಆರ್ಟ್ ಎಂಬ ತಮ್ಮನನ್ನು ಕಳಿಸಿದರು. ಈ ತಮ್ಮನಿಗೆ ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಗೊತ್ತಿಲ್ಲ. ಮಾಡ್‌ಬಸ್ ಸ್ಟ್ಯಾಂಡರ್ಡು ಮೊದಲು ಕೇಳುವುದೇ ಈವನ್ ಪ್ಯಾರಿಟಿ! ಇದು ಸಾಲದೆಂಬಂತೆ, ಸೀರಿಯಲ್ ಪೋರ್ಟ್ ಚಾಲೂ ಮಾಡುವಾಗ ಪೈ ಒಂದು ಪ್ರಶ್ನೆ ಹಾಕುತ್ತದೆ: ಇದರ ಮೇಲೆ ಲಾಗಿನ್ ಶೆಲ್ ಬೇಕೇ? ಗಡಿಬಿಡಿಯಲ್ಲಿ ಹೌದೆಂದರೆ ಮುಗಿಯಿತು. ಒವನ್ನಿನ ಉಷ್ಣತೆ ಕೇಳಬೇಕಾದ ಪೈ, ಪಿಎಲ್‌ಸಿಯನ್ನು ಯೂಸರ್‌ನೇಮ್ ಕೇಳಲು ಶುರು ಮಾಡುತ್ತದೆ. ಪಿಎಲ್‌ಸಿ ಎಂದಿನಂತೆ ಸುಮ್ಮನಿರುತ್ತದೆ; ಈ ಸಲ ಅದರ ಕಡೆ ನ್ಯಾಯವಿದೆ.

ಇದೆಲ್ಲ ದಾಟಿದ ಮೇಲೆ ತೆರೆಯ ಮೇಲೆ ಎಕ್ಸೆಪ್ಷನ್ 2 ಎಂಬ ಬೈಗುಳ ಮೂಡುತ್ತದೆ. ಹುಡುಗಿ ಖುಷಿಯಿಂದ ಎದ್ದು ನಿಲ್ಲುತ್ತಾಳೆ. ಎಲೆಕ್ಟ್ರಿಷಿಯನ್‌ಗೆ ಅರ್ಥವಾಗುವುದಿಲ್ಲ, ಎರರ್ ಬಂದರೆ ಯಾರಾದರೂ ಕುಣಿಯುತ್ತಾರೆಯೇ? ಕುಣಿಯುತ್ತಾರೆ. ಬೈಯುವುದಕ್ಕಾದರೂ ಆ ಕಡೆ ಯಾರೋ ಇದ್ದಾರೆ, ಕೇಳಿದ್ದು ಅವರಿಗೆ ಮುಟ್ಟಿದೆ, ವೈರೂ ವೇಗವೂ ವಿಳಾಸವೂ ಸರಿಯಿದೆ ಎಂದಾಯಿತಲ್ಲ. ಅಂಕಿ ಇಡುವ ಗೂಡುಗಳಲ್ಲಿ, ಅಂದರೆ ರಿಜಿಸ್ಟರುಗಳಲ್ಲಿ, ಇಲ್ಲದ್ದನ್ನು ಕೇಳಿದ್ದೀರಿ ಎಂಬುದಷ್ಟೇ ದೂರು. ಮ್ಯಾನ್ಯುಯಲ್ಲಿನಲ್ಲಿ 40001 ಎಂದು ಅಚ್ಚಾದ ರಿಜಿಸ್ಟರು ವೈರಿನ ಮೇಲೆ ಹೋಗುವಾಗ ಸೊನ್ನೆಯಾಗುತ್ತದೆ, 40002 ಒಂದಾಗುತ್ತದೆ. ಇದನ್ನು ಮ್ಯಾನ್ಯುಯಲ್ ಬರೆದವರಲ್ಲಿ ಕೆಲವರು ಹೇಳುತ್ತಾರೆ, ಕೆಲವರು ಓದುಗರ ಪುಣ್ಯಕ್ಕೆ ಬಿಡುತ್ತಾರೆ.

ನಂಬರು ಬಂತು. ಒವನ್ ಇನ್ನೂ ಹಚ್ಚಿಲ್ಲ, 25 ಡಿಗ್ರಿ ಇರಬೇಕು. ತೆರೆಯ ಮೇಲೆ ಬಂದದ್ದು ಬಿಂದುವಿನ ನಂತರ 40 ಸೊನ್ನೆ, ಆಮೇಲೆ 236! ಮಾಡ್‌ಬಸ್ಸಿನ ಒಂದು ರಿಜಿಸ್ಟರಿನಲ್ಲಿ ಹಿಡಿಯುವುದು 16 ಬಿಟ್. ದಶಮಾಂಶದ ಸಂಖ್ಯೆಗೆ ಎರಡು ರಿಜಿಸ್ಟರು ಬೇಕು, ಎರಡರಲ್ಲಿ ಯಾವುದು ಮೊದಲು ಎಂದು ಸ್ಟ್ಯಾಂಡರ್ಡು ಬಾಯಿ ಬಿಟ್ಟು ಹೇಳಿಲ್ಲ. ಈ ಪಿಎಲ್‌ಸಿ ಹಿಂದಿನದನ್ನು ಮುಂದೆ ಕಳಿಸಿತ್ತು. ಅದಲುಬದಲು ಮಾಡಿದಳು, 25 ಬಂತು. ಬೆಳಗಿನಿಂದ ಇದು ಎರಡನೇ ಉಲ್ಟಾ. ಈ ಸಲ ಯಾರೂ ಸಲಹೆ ಕೊಡಬೇಕಾಗಲಿಲ್ಲ.

ಅಷ್ಟರಲ್ಲಿ ಯಾರೋ ಬ್ಲೋವರ್ ಹಾಕಿದರು. ಮೋಟಾರು ಗುಂಯ್ ಎಂದದ್ದೇ ತಡ, ತೆರೆಯ ಮೇಲಿನ 25 ಹೋಗಿ ಟೈಮ್‌ಔಟ್ ಸಾಲುಸಾಲಾಗಿ ಇಳಿಯತೊಡಗಿತು. ಮೋಟಾರು ನಿಲ್ಲಿಸಿದರೆ 25. ಹಾಕಿದರೆ ಟೈಮ್‌ಔಟ್. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಜೋಡಿಸುತ್ತದೆ; ಆ ಗದ್ದಲ ಅದರ ಕೇಬಲ್ಲಿನಿಂದ ಸುತ್ತಲಿನ ಕೇಬಲ್ಲುಗಳಿಗೆಲ್ಲ ಹಬ್ಬುತ್ತದೆ. ಹುಡುಗಿ ಟಾರ್ಚು ಹಿಡಿದು ಮೇಲಿನ ಟ್ರೇ ನೋಡಿದಳು. ಮೋಟಾರಿನ ದಪ್ಪ ಕೇಬಲ್ಲಿಗೆ ಅವಳ ಸಣ್ಣ 485 ಕೇಬಲ್ಲು ಉದ್ದಕ್ಕೂ ಅಂಟಿಕೊಂಡು ಹೋಗಿತ್ತು.

“ಜೋತಾಡಬಾರ್ದು ಅಂತ ನಾನೇ ಕಟ್ಟಿದ್ದು ಮೇಡಂ,” ಎಂದ ಎಲೆಕ್ಟ್ರಿಷಿಯನ್, “ಅಡಿಗೊಂದು ಟೈ ಹಾಕಿದೀನಿ.”