ಗರಗಸ ಸುಧಾರಣಾ ಮೀಮಾಂಸೆ

ಮರ ಕೊಯ್ಯುವ ಯಂತ್ರವು ಕಂಪನಿಯಿಂದ ಬಂದ ಹಾಗೆಯೇ ಉಳಿದರೆ ಅದು ಮಾಲೀಕನ ಪೌರುಷಕ್ಕೆ ಕುಂದೆಂಬ ಭಾವನೆಯು ಮಲೆನಾಡಿನ ತೋಟಗಾರರಲ್ಲಿ ಒಂದು ವರ್ಗವನ್ನು ಕಾಡುವುದುಂಟು. ನೆಂಟಸ್ತಿಕೆ ಉಳಿಯಬೇಕಾದ್ದರಿಂದ ಆ ವರ್ಗದವರ ಹೆಸರುಗಳನ್ನು ಇಲ್ಲಿ ಎತ್ತಿಲ್ಲ, ಲೇಖಕರ ಹೆಸರು ಮಾತ್ರ ಈಗಾಗಲೇ ಅಚ್ಚಾಗಿರುವುದರಿಂದ ಉಪಾಯವಿಲ್ಲ.

ಸುಧಾರಕರ ಕಣ್ಣು ಮೊದಲು ಬೀಳುವುದು ಸೈಲೆನ್ಸರಿನ ಮೇಲೆ. ಹೊಗೆ ಸರಾಗವಾಗಿ ಹೋಗಲೆಂದು ಅದಕ್ಕೆ ಇನ್ನೊಂದು ತೂತು ಕೊರೆದು, ಕಿಡಿ ಹಾರದಂತೆ ತಡೆಯುವ ಜಾಲರಿಯನ್ನೂ ಕಿತ್ತರೆ ಶಕ್ತಿ ತುಸು ಹೆಚ್ಚುವುದು ನಿಜ; ಆದರೆ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರಿನಂತೆ ಬೆರೆಸಿದ ಆಯಿಲೇ ಪಿಸ್ಟನ್ನಿಗೂ ಆಧಾರವಾದ್ದರಿಂದ, ಗಾಳಿ ಹೆಚ್ಚಿದಷ್ಟು ಪೆಟ್ರೋಲು ಹೆಚ್ಚಿಸಲು ಮರೆತರೆ, ಎಂಜಿನ್ನು ಕ್ಷಣಕಾಲ ಅಪೂರ್ವವಾಗಿ ಹಾಡಿ, ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು, ಮೆಕ್ಯಾನಿಕ್ಕುಗಳು ಸೀಜ್ ಎನ್ನುವ ಸ್ಥಿತಿಗೆ ತಲುಪುತ್ತದೆ.

ಸಿಲಿಂಡರಿನ ಬುಡದ ಗ್ಯಾಸ್ಕೆಟ್ ತೆಗೆದು ಕಂಪ್ರೆಷನ್ ಏರಿಸಿದ ಯಂತ್ರವನ್ನು ಅಂಗಳದಲ್ಲಿ ಚಾಲೂ ಮಾಡುವ ಸಮಾರಂಭವು ಪ್ರತ್ಯೇಕ ವಿವೇಚನೆಗೆ ಅರ್ಹವಾಗಿದೆ. ಕಂಪ್ರೆಷನ್ ಎಂದರೆ ಮೇಲೇರುವ ಪಿಸ್ಟನ್ನು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಅದುಮುವ ಕ್ರಿಯೆ. ಆ ಅದುಮು ಸ್ಟಾರ್ಟರ್ ಹಗ್ಗ ಎಳೆಯುವ ಕೈಗೂ ಪ್ರಾಮಾಣಿಕವಾಗಿ ತಲುಪುತ್ತದೆ. ಮಾಲೀಕನು ಪಂಚೆ ಎತ್ತಿಕಟ್ಟಿ, ಹಿಂದಿನ ಹಿಡಿಕೆಯನ್ನು ಬಲಗಾಲಿನಿಂದ ಮೆಟ್ಟಿ, ನೆರೆದವರತ್ತ ಒಮ್ಮೆ ನೋಡಿ ಹಗ್ಗ ಎಳೆಯುತ್ತಾನೆ; ಹಗ್ಗವು ಅರ್ಧ ಬಂದು, ನಿಂತು, ಯೋಚಿಸಿ, ಅವನನ್ನೇ ಎಳೆಯುತ್ತದೆ. ಬೆರಳು ಕೊಡವಿಕೊಂಡು, ಚೋಕ್ ಪರೀಕ್ಷಿಸಿದಂತೆ ನಟಿಸಿ ಮತ್ತೆ ಎಳೆದಾಗ ಎಂಜಿನ್ನು ಪಟ್ಟು ಬಿಡುವುದಿಲ್ಲ, ಪಂಚೆ ಬಿಡುತ್ತದೆ. ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಹಗ್ಗ ಹಿಡಿದವನು ಯಾವುದನ್ನು ಮೊದಲು ಬಿಡಬೇಕೆಂಬ ಧರ್ಮಸಂಕಟವನ್ನು ಯಾವ ಶಾಸ್ತ್ರವೂ ಚರ್ಚಿಸಿಲ್ಲ, ಅಷ್ಟರಲ್ಲಿ ಜಗಲಿಯ ಹಿರಿಯರು "ಕೊಡಲಿ ತರ್ಲಾ ಮಾರಾಯಾ?" ಎಂದು ವಿಚಾರಿಸುತ್ತಾರೆ.

ಇಷ್ಟು ಪಾಡುಪಟ್ಟು ಉಳಿಸುವುದು ಒಂದು ಕೊಯ್ತಕ್ಕೆ ಕೆಲವು ಸೆಕೆಂಡು. ಮರ ಇಳಿಸುವಲ್ಲಿ ಹೊತ್ತು ಹೋಗುವುದು ಹಗ್ಗ ಕಟ್ಟುವುದಕ್ಕೆ, ಕರೆಂಟು ತೆಗೆಸುವುದಕ್ಕೆ ಮತ್ತು ಮರ ಯಾವ ಕಡೆ ಬೀಳಬೇಕೆಂಬ ಚರ್ಚೆಗೆ ಎಂಬುದು ಸುಧಾರಕರ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಇನ್ನೊಬ್ಬನೆಂದರೆ ಯಂತ್ರ ಹಿಡಿಯುವ ಕೂಲಿಯಾಳು. ಚೈನಿನ ಹಲ್ಲು ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವ ಪುಟ್ಟ ಉಬ್ಬನ್ನು ಅರದಿಂದ ಅತಿಯಾಗಿ ಉಜ್ಜಿದರೆ, ಬ್ಲೇಡಿನ ತುದಿ ಮರಕ್ಕೆ ತಾಗಿದಾಗ ಯಂತ್ರವು ಚಿಮ್ಮುವುದು ಅವನ ಮುಖದತ್ತ. ವರ್ಷಗಟ್ಟಲೆ ನಡುಕ ಹಿಡಿದು ಬಿಳಿಚಿ ಮರಗಟ್ಟುವುದು ಅವನ ಬೆರಳು. ಹಗ್ಗ ಹಿಡಿದವರು "ಬಂತು, ಓಡು" ಎಂದು ಕೂಗಿದ್ದು ಕೇಳಿಸದಿರುವುದೂ ಅವನಿಗೇ. ಸೈಲೆನ್ಸರ್ ಕೊರೆಸಿದ ಧಣಿಯು ದೂರದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ, ಸದ್ದಿಗೆ ತನ್ನ ವಿವರಣೆ ಕೇಳಿಸುತ್ತಿಲ್ಲವೆಂದು, ಎಂಜಿನ್ನು ನಿಧಾನ ಮಾಡುವಂತೆ ಕೈಸನ್ನೆ ಮಾಡುತ್ತಿರುತ್ತಾನೆ.